ಗಾಯ ಮಾಯ್ದರೂ ಉಳಿಯುವ ಬರಹ: ಎಂ.ಎಲ್.ಸಿ. ವರದಿ ಮತ್ತು ಕಂಪ್ಯೂಟರ್

ಗಾಯಗೊಂಡವರನ್ನು ಕರೆದುಕೊಂಡು ನೀವು ಯಾವಾಗಲಾದರೂ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿದ್ದರೆ "ಇದು ಎಂ.ಎಲ್.ಸಿ. ಕೇಸು" ಎಂಬ ಮಾತನ್ನು ಕೇಳಿರುತ್ತೀರಿ. ಆ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯವರ ಮುಖ ಬಾಡುತ್ತದೆ. "ಡಾಕ್ಟ್ರೇ, ಪೊಲೀಸು, ಕೋರ್ಟು ಅಂತ ಅಲೆಯೋದು ಬೇಡ. ಹಾಗೇ ಎರಡು ಹೊಲಿಗೆ ಹಾಕಿ ಕಳಿಸಿಬಿಡಿ" ಎಂದು ಬೇಡಿಕೊಳ್ಳುವವರೇ ಹೆಚ್ಚು. ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಅದೇ ಮನೆಯವರು ವಿಮೆಗಾಗಿ, ಪರಿಹಾರಕ್ಕಾಗಿ ಅಥವಾ ನ್ಯಾಯಾಲಯದ ಕೆಲಸಕ್ಕಾಗಿ "ಅವತ್ತಿನ ಗಾಯದ ಸರ್ಟಿಫಿಕೇಟ್ ಬೇಕಿತ್ತು" ಎಂದು ಬಂದು ನಿಲ್ಲುತ್ತಾರೆ. ಗಾಯ ಅಷ್ಟರಲ್ಲಿ ಮಾಯ್ದಿರುತ್ತದೆ. ಉಳಿದಿರುವುದು ಅಂದು ವೈದ್ಯರು ಬರೆದಿಟ್ಟ ನಾಲ್ಕು ಸಾಲು ಮಾತ್ರ.

ಆ ನಾಲ್ಕು ಸಾಲುಗಳನ್ನು ಕೈಬರಹದ ಬದಲು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವ ವ್ಯವಸ್ಥೆ ಈಗ ನಮ್ಮ ದೇಶದ ಆಸ್ಪತ್ರೆಗಳಿಗೆ ಬರುತ್ತಿದೆ. ಇದರಿಂದ ಸಾಮಾನ್ಯ ಕುಟುಂಬಕ್ಕೆ ಏನು ಪ್ರಯೋಜನ, ಯಾವುದನ್ನು ಕಂಪ್ಯೂಟರ್ ಮಾಡಲಾರದು, ಅಂಥ ಹೊತ್ತಿನಲ್ಲಿ ನಿಮ್ಮ ಪಾಲಿನ ಕೆಲಸವೇನು ಎಂಬುದನ್ನು ಈ ವಾರ ನೋಡೋಣ.

ನನ್ನದೇ ಅಕ್ಷರ, ನನಗೇ ತಿಳಿಯದು

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಾನು ಆಗಷ್ಟೇ ಕೆಲಸಕ್ಕೆ ಸೇರಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಟ್ರ್ಯಾಕ್ಟರಿನಿಂದ ಬಿದ್ದ ಕೂಲಿಯವನೊಬ್ಬನನ್ನು ಕರೆತಂದರು. ಬಲ ಮುಂಗೈ ಮೂಳೆ ಮುರಿದಿತ್ತು. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು. ಪಟ್ಟಿ ಕಟ್ಟಿಸಿ, ಎಂ.ಎಲ್.ಸಿ. ಪುಸ್ತಕದಲ್ಲಿ ಗಡಿಬಿಡಿಯಿಂದ ಬರೆದು ಸಹಿ ಹಾಕಿದೆ.

ಮೂರು ವರ್ಷದ ನಂತರ ನನಗೆ ನ್ಯಾಯಾಲಯದಿಂದ ಸಮನ್ಸ್ ಬಂತು. ಅಷ್ಟರಲ್ಲಿ ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಸಾಕ್ಷಿ ಕಟ್ಟೆಯಲ್ಲಿ ನನ್ನದೇ ಬರಹವನ್ನು ಕೈಗೆ ಕೊಟ್ಟು ಓದಲು ಹೇಳಿದರು. ಇಂಗ್ಲಿಷಿನಲ್ಲಿ ಬಲಗೈ ಎನ್ನುವುದಕ್ಕೆ ನಾವು ಬರೆಯುವ ಎರಡಕ್ಷರದ ಸಂಕೇತ ಎಡಗೈಯ ಸಂಕೇತದಂತೆ ಕಾಣುತ್ತಿತ್ತು! ವಿಮಾ ಕಂಪನಿಯ ವಕೀಲರು ಬಿಡುತ್ತಾರೆಯೇ? "ವರದಿಯಲ್ಲಿ ಎಡಗೈ ಇದೆ, ಎಕ್ಸ್-ರೇ ಬಲಗೈಯದು, ಈ ಎಕ್ಸ್-ರೇ ಇವನದಲ್ಲ" ಎಂದು ವಾದಿಸಿದರು. ಮೂಲ ರಿಜಿಸ್ಟರ್ ತರಿಸಿ, ಎಕ್ಸ್-ರೇ ಪುಸ್ತಕ ಹುಡುಕಿಸಿ ವಿಷಯ ಸರಿಯಾಗುವ ಹೊತ್ತಿಗೆ ಇನ್ನೂ ಹಲವು ತಿಂಗಳು ಕಳೆದವು. ಹೊರಗೆ ಬಂದಾಗ ಆ ಮನುಷ್ಯ ಕೋಪ ಮಾಡಿಕೊಳ್ಳಲಿಲ್ಲ. "ನೀವು ಬರೆದದ್ದು ನಿಮಗೇ ಓದಕ್ಕೆ ಬರಲಿಲ್ಲವಲ್ಲ ಸಾರ್" ಎಂದಷ್ಟೇ ಹೇಳಿದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎಂ.ಎಲ್.ಸಿ. ಎಂದರೇನು?

ಮೆಡಿಕೋ-ಲೀಗಲ್ ಕೇಸ್ ಎಂಬುದರ ಹ್ರಸ್ವರೂಪವೇ ಎಂ.ಎಲ್.ಸಿ. ಯಾವ ಗಾಯ ಅಥವಾ ಅಸ್ವಸ್ಥತೆಗೆ ಕಾರಣವೇನೆಂದು ಕಾನೂನಿನ ಪ್ರಕಾರ ವಿಚಾರಣೆಯಾಗಬೇಕೆಂದು ವೈದ್ಯರಿಗೆ ಅನ್ನಿಸುತ್ತದೆಯೋ ಅದು ಎಂ.ಎಲ್.ಸಿ. ರಸ್ತೆ ಅಪಘಾತ, ಹೊಡೆದಾಟ, ಸುಟ್ಟ ಗಾಯ, ವಿಷ ಸೇವನೆ, ಕಾರ್ಖಾನೆಯ ಅವಘಡ, ಲೈಂಗಿಕ ದೌರ್ಜನ್ಯ, ಕಾರಣ ತಿಳಿಯದೆ ಪ್ರಜ್ಞೆ ತಪ್ಪಿದವರು, ಆಸ್ಪತ್ರೆಗೆ ತರುವ ಮೊದಲೇ ಅನುಮಾನಾಸ್ಪದವಾಗಿ ತೀರಿಕೊಂಡವರು - ಇವೆಲ್ಲ ಈ ಗುಂಪಿಗೆ ಸೇರುತ್ತವೆ.

ಎಂ.ಎಲ್.ಸಿ. ಎಂದು ನಮೂದಿಸಿದ ಮಾತ್ರಕ್ಕೆ ಯಾರ ಮೇಲೂ ಕೇಸು ಹಾಕಿದಂತೆ ಆಗುವುದಿಲ್ಲ. ವೈದ್ಯರು ತಾವು ಕಂಡದ್ದನ್ನು ಬರೆದಿಟ್ಟು ಪೊಲೀಸರಿಗೆ ತಿಳಿಸುತ್ತಾರೆ, ಅಷ್ಟೆ. ಮುಂದಿನದು ತನಿಖೆಯ ವಿಷಯ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. "ಪೊಲೀಸರು ಬರದೆ ಚಿಕಿತ್ಸೆ ಕೊಡುವುದಿಲ್ಲ" ಎಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ: ಮೊದಲು ಜೀವ, ನಂತರ ಕಾಗದ. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಗಾಯಾಳುವಿಗೆ ತುರ್ತು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯ. ರಸ್ತೆಯಲ್ಲಿ ಬಿದ್ದವರನ್ನು ಕರೆತಂದ ದಾರಿಹೋಕರಿಗೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ನೀಡಿದೆ. ಅವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ.

ಒಂದು ಪದದ ತೂಕ

ವೈದ್ಯರ ವರದಿಯಲ್ಲಿ ಗಾಯಾಳುವಿನ ಹೆಸರು, ವಯಸ್ಸು, ಎರಡು ಗುರುತಿನ ಮಚ್ಚೆಗಳು, ಯಾರು ಕರೆತಂದರು, ಪರೀಕ್ಷೆ ಮಾಡಿದ ದಿನ ಮತ್ತು ವೇಳೆ, ಗಾಯಾಳುವಿನ ಒಪ್ಪಿಗೆ, ಏನಾಯಿತೆಂದು ಅವರು ಹೇಳಿದ ಮಾತು - ಇವಿಷ್ಟು ಮೊದಲು ಬರುತ್ತವೆ. ನಂತರ ಪ್ರತಿಯೊಂದು ಗಾಯದ ವಿವರ. ಅದು ತರಚು ಗಾಯವೇ, ಕಂದಿದ ಗಾಯವೇ, ಹರಿದ ಗಾಯವೇ, ಕತ್ತರಿಸಿದ ಗಾಯವೇ? ಉದ್ದ, ಅಗಲ, ಆಳ ಎಷ್ಟು ಸೆಂಟಿಮೀಟರ್? ದೇಹದ ಯಾವ ಭಾಗದಲ್ಲಿ, ಎಡಕ್ಕೋ ಬಲಕ್ಕೋ? ಮೊಣಕೈಯಿಂದ ಅಥವಾ ಕಿವಿಯಿಂದ ಎಷ್ಟು ದೂರದಲ್ಲಿ? ಬಣ್ಣ ಹೇಗಿದೆ? ಕೊನೆಯಲ್ಲಿ ವೈದ್ಯರ ಅಭಿಪ್ರಾಯ.

"ಇಷ್ಟೆಲ್ಲ ಯಾಕೆ, ತಲೆಗೆ ಪೆಟ್ಟು ಅಂದರೆ ಸಾಲದೆ?" ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ತಲೆಯ ಚರ್ಮದ ಅಡಿಯಲ್ಲೇ ಮೂಳೆ ಇರುವುದರಿಂದ ದೊಣ್ಣೆಯಿಂದ ಹೊಡೆದರೂ ಚರ್ಮ ಗೆರೆ ಎಳೆದಂತೆ ಸೀಳುತ್ತದೆ. ಮೇಲೆ ನೋಡಿದರೆ ಮಚ್ಚಿನಿಂದ ಕಡಿದಂತೆ ಕಾಣುತ್ತದೆ. ಅಂಚುಗಳನ್ನು ಬಿಡಿಸಿ ನೋಡಿದರೆ ಅವು ಜಜ್ಜಿರುತ್ತವೆ, ಕೂದಲಿನ ಬುಡ ನಜ್ಜಾಗಿರುತ್ತದೆ. ಇದನ್ನು ಬರೆಯದೆ ಹೊಲಿಗೆ ಹಾಕಿಬಿಟ್ಟರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ. ಮಚ್ಚು ಬೀಸಿದವನು ತಪ್ಪಿಸಿಕೊಳ್ಳಬಹುದು, ಮಚ್ಚು ಮುಟ್ಟದವನು ಸಿಕ್ಕಿಬೀಳಬಹುದು.

ಕಂದಿದ ಗಾಯದ ಬಣ್ಣವೂ ಹೀಗೆಯೇ. ಮೊದಲು ಕೆಂಪಗಿದ್ದು, ನಂತರ ನೀಲಿಗಟ್ಟಿ, ಸುಮಾರು ಐದಾರು ದಿನಕ್ಕೆ ಹಸಿರು ಛಾಯೆ, ಆಮೇಲೆ ಹಳದಿಯಾಗಿ, ಎರಡು ವಾರದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಇದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದುಂಟು. ಆದರೂ ನೆನ್ನೆಯ ಪೆಟ್ಟಿಗೂ ಕಳೆದ ವಾರದ ಪೆಟ್ಟಿಗೂ ವ್ಯತ್ಯಾಸ ತಿಳಿಯಲು ಇದು ನೆರವಾಗುತ್ತದೆ. ತಡಮಾಡಿ ಬಂದರೆ ದೇಹ ತನ್ನ ಸಾಕ್ಷಿಯನ್ನು ತಾನೇ ಅಳಿಸಿಹಾಕಿರುತ್ತದೆ.

ವೈದ್ಯರ ಅಭಿಪ್ರಾಯದಲ್ಲಿ 'ಸಾದಾ ಗಾಯ' ಅಥವಾ 'ತೀವ್ರ ಗಾಯ' ಎಂಬ ಪದ ಇರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಎಂಟು ಬಗೆಯ ಗಾಯಗಳು ಮಾತ್ರ ತೀವ್ರ ಗಾಯಗಳು. ಮೂಳೆ ಅಥವಾ ಹಲ್ಲು ಮುರಿಯುವುದು, ಕಣ್ಣು ಅಥವಾ ಕಿವಿಯ ಶಕ್ತಿ ಶಾಶ್ವತವಾಗಿ ಹೋಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು ಮುಂತಾದವು ಅದರಲ್ಲಿ ಸೇರಿವೆ. 15 ದಿನ ತೀವ್ರ ನೋವು ಅನುಭವಿಸುವುದು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿರುವುದೂ ತೀವ್ರ ಗಾಯವೇ. ಹಳೆಯ ಕಾನೂನಿನಲ್ಲಿ ಇದು 20 ದಿನ ಇತ್ತು. ಬೇಕೆಂದೇ ಸಾದಾ ಗಾಯ ಮಾಡಿದವರಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಸಜೆ. ತೀವ್ರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ. ನೋಡಿ, ಅಲುಗಾಡುತ್ತಿದ್ದ ಒಂದು ಹಲ್ಲನ್ನು ವೈದ್ಯರು ನೋಡಿದರೋ ಇಲ್ಲವೋ ಎಂಬುದರ ಮೇಲೆ ಎರಡು ಮನೆಗಳ ಭವಿಷ್ಯ ನಿಂತಿರುತ್ತದೆ.

ಕೈಬರಹದ ಪಾಡು

ಇಷ್ಟು ತೂಕದ ಬರಹ ಓದಲಾಗದಿದ್ದರೆ ಏನು ಗತಿ? ಇದು ನನ್ನೊಬ್ಬನ ಕಥೆಯಲ್ಲ. 2018ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ, ಓದಲಾಗದ ಗಾಯದ ವರದಿ ಬರೆದ ಮೂವರು ವೈದ್ಯರಿಗೆ ತಲಾ 5,000 ರೂಪಾಯಿ ದಂಡ ಹಾಕಿತು. 2024ರ ಜನವರಿಯಲ್ಲಿ ಒಡಿಶಾ ಹೈಕೋರ್ಟಿನ ಮುಂದೆ ಹಾವು ಕಚ್ಚಿ ಸತ್ತ ಮಗನಿಗಾಗಿ ಪರಿಹಾರ ಕೇಳಿದ ಕುಟುಂಬವೊಂದರ ಅರ್ಜಿ ಬಂದಿತ್ತು. ಮರಣೋತ್ತರ ಪರೀಕ್ಷೆಯ ವರದಿಯನ್ನು ಓದಲಾಗದೆ, ಬರೆದ ವೈದ್ಯರನ್ನೇ ವಿಡಿಯೋ ಮೂಲಕ ಕರೆಸಿ ಓದಿಸಬೇಕಾಯಿತು. ಅಕ್ಷರ ಸ್ಪಷ್ಟವಾಗಿರಬೇಕು, ಸಾಧ್ಯವಾದರೆ ದೊಡ್ಡ ಅಕ್ಷರದಲ್ಲಿ ಅಥವಾ ಟೈಪ್ ಮಾಡಿ ಕೊಡಬೇಕು ಎಂದು ನ್ಯಾಯಾಲಯ ಸೂಚಿಸಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಕೂಡ, ಅತ್ಯಾಚಾರದ ಆರೋಪವಿದ್ದ ಪ್ರಕರಣವೊಂದರಲ್ಲಿ ವೈದ್ಯರ ವರದಿಯ ಒಂದಕ್ಷರವೂ ತಿಳಿಯದಿದ್ದುದನ್ನು ಕಂಡು, ಓದಬಲ್ಲ ವೈದ್ಯಕೀಯ ಬರಹ ರೋಗಿಯ ಮೂಲಭೂತ ಹಕ್ಕು ಎಂದು ಹೇಳಿತು.

ಇನ್ನೊಂದು ಕಾರಣವೂ ಇದೆ. ಸರ್ಕಾರಿ ವೈದ್ಯರಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ. ಮೊದಲು ವರ್ಷಗಟ್ಟಲೆ ಅವರನ್ನು ಹುಡುಕುತ್ತ ಕೇಸು ಮುಂದಕ್ಕೆ ಹೋಗುತ್ತಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 336ನೇ ಕಲಮಿನಂತೆ, ಬರೆದವರು ಸಿಗದಿದ್ದರೆ ಅವರ ಜಾಗಕ್ಕೆ ಬಂದ ಅಧಿಕಾರಿ ಬಂದು ಆ ದಾಖಲೆಯ ಬಗ್ಗೆ ಸಾಕ್ಷಿ ಹೇಳಬಹುದು. ಒಳ್ಳೆಯದೇ. ಆದರೆ ಬರೆದ ನಾನೇ ಓದಲಾರದ ಅಕ್ಷರವನ್ನು ನನ್ನ ನಂತರ ಬಂದವರು ಹೇಗೆ ಓದಿಯಾರು?

ಕಂಪ್ಯೂಟರ್ ವರದಿ ಹೇಗೆ ಸಿದ್ಧವಾಗುತ್ತದೆ?

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ., 'ಮೆಡ್‌ಲೀಪರ್' ಎಂಬ ಹೆಸರಿನ ವ್ಯವಸ್ಥೆಯೊಂದನ್ನು ರೂಪಿಸಿದೆ. ಗಾಯದ ವರದಿ ಮತ್ತು ಮರಣೋತ್ತರ ಪರೀಕ್ಷೆಯ ವರದಿ ಎರಡನ್ನೂ ಇದರಲ್ಲಿ ತಯಾರಿಸಬಹುದು. ಮೊದಲು ಹರಿಯಾಣದಲ್ಲಿ ಬಳಕೆಗೆ ಬಂದು ನಂತರ ಬೇರೆ ರಾಜ್ಯಗಳಿಗೂ ಹಬ್ಬಿತು. ಹೆಸರು ಯಾವುದೇ ಇರಲಿ, ಇಂಥ ಒಳ್ಳೆಯ ವ್ಯವಸ್ಥೆಯೊಂದರಲ್ಲಿ ಇರಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು, ಖಾಲಿ ಬಿಡಲಾಗದ ಮನೆಗಳು. ಗಾಯ ಯಾವ ಪಕ್ಕದಲ್ಲಿದೆ ಎಂದು ಗುರುತು ಮಾಡದೆ ಮುಂದಿನ ಪುಟ ತೆರೆಯುವುದಿಲ್ಲ. ಅಳತೆ ಬರೆಯದೆ ವರದಿ ಮುಗಿಯುವುದಿಲ್ಲ. ದೇಹದ ಚಿತ್ರದ ಮೇಲೆ ಗಾಯದ ಜಾಗವನ್ನು ಗುರುತಿಸಬಹುದು. ನನ್ನ ಆ ಕೂಲಿಯವನ ಕೈ ಎಡವೋ ಬಲವೋ ಎಂಬ ಗೊಂದಲ ಅಂದು ಹೀಗೆ ತಪ್ಪುತ್ತಿತ್ತು.

ಎರಡನೆಯದು, ಸಂಖ್ಯೆ ಮತ್ತು ವೇಳೆ. ಪ್ರತಿ ವರದಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಸಂಖ್ಯೆ ಬೀಳುತ್ತದೆ. ವೈದ್ಯರು ಎಷ್ಟು ಗಂಟೆಗೆ ಬರೆದರು ಎಂಬುದನ್ನು ಯಂತ್ರವೇ ದಾಖಲಿಸುತ್ತದೆ. ಹಿಂದಿನ ದಿನಾಂಕ ಹಾಕಿ ಬರೆಯುವುದಕ್ಕೆ ಅವಕಾಶವಿರಬಾರದು.

ಮೂರನೆಯದು, ಬೀಗ. ವೈದ್ಯರು ಒಮ್ಮೆ ಸಹಿ ಮಾಡಿದ ಮೇಲೆ ಮೊದಲಿನ ಬರಹವನ್ನು ಯಾರೂ, ಸ್ವತಃ ವೈದ್ಯರೂ, ಅಳಿಸುವಂತಿರಬಾರದು. ಎಕ್ಸ್-ರೇ ಬಂದ ಮೇಲೆ ಮೂಳೆ ಮುರಿದಿದೆ ಎಂದು ತಿಳಿದರೆ ಅದನ್ನು ಪೂರಕ ವರದಿಯಾಗಿ ಸೇರಿಸಬೇಕು. ಯಾರು, ಯಾವಾಗ, ಏನು ಸೇರಿಸಿದರು ಎಂಬ ಜಾಡು ಉಳಿಯಬೇಕು. ಪೋಸ್ಟ್‌ಮಾರ್ಟಂ ಮಾಡಿದಾಗ ಅಂಗಾಂಶದ ಬಾಟಲಿಗೆ ಅರಗು ಹಾಕಿ ಮುದ್ರೆ ಒತ್ತುವುದನ್ನು ನೀವು ಕೇಳಿರಬಹುದು. ಕಂಪ್ಯೂಟರ್ ದಾಖಲೆಗೂ ಅಂಥದೇ ಒಂದು ಮುದ್ರೆ ಉಂಟು. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಇಡೀ ದಾಖಲೆಯಿಂದ ಲೆಕ್ಕ ಹಾಕಿ ತೆಗೆದ ಉದ್ದನೆಯ ಸಂಕೇತ ಇದು. ಒಂದು ಅಲ್ಪವಿರಾಮ ಬದಲಾದರೂ ಆ ಸಂಕೇತ ಪೂರಾ ಬದಲಾಗುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕಂಪ್ಯೂಟರ್ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಅನ್ನೂ ನಮೂದಿಸಬೇಕು.

ನಾಲ್ಕನೆಯದು, ತ್ವರಿತ ರವಾನೆ. ಪೇದೆಯೊಬ್ಬರು ವರದಿಗಾಗಿ ಹತ್ತು ಸಲ ಆಸ್ಪತ್ರೆಗೆ ಓಡಾಡುವುದು, "ಡಾಕ್ಟರು ರಜೆ, ಕ್ಲರ್ಕ್ ಇಲ್ಲ" ಎಂದು ಮರಳುವುದು ತಪ್ಪುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಪರೀಕ್ಷಾ ವರದಿಯನ್ನು ವೈದ್ಯರು ಏಳು ದಿನದೊಳಗೆ ತನಿಖಾಧಿಕಾರಿಗೆ ಕಳುಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಮು ಈಗ ಗಡುವು ಹಾಕಿದೆ. ಕಪಾಟಿನಲ್ಲಿ ಪುಸ್ತಕ ಹುಡುಕುವ ಪದ್ಧತಿಯಲ್ಲಿ ಈ ಗಡುವು ಪಾಲಿಸುವುದು ಕಷ್ಟ.

ಫಾರಂನಲ್ಲಿ ಏನು ಕೇಳಬೇಕು?

ಕಂಪ್ಯೂಟರ್ ತಂದು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರೊಳಗಿನ ಪ್ರಶ್ನೆಗಳು ಸರಿಯಾಗಿರಬೇಕು. ಹಳೆಯ ಮುದ್ರಿತ ಫಾರಂಗಳಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ 'ಎರಡು ಬೆರಳಿನ ಪರೀಕ್ಷೆ' ಎಂಬ ಅವಮಾನಕರ ಪರೀಕ್ಷೆಯ ಕಲಮು ಇರುತ್ತಿತ್ತು. ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಸುಪ್ರೀಂ ಕೋರ್ಟ್ 2013ರಲ್ಲಿ ಅದನ್ನು ಖಂಡಿಸಿತು. ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಆದರೂ ನಿಲ್ಲದ್ದರಿಂದ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಇಷ್ಟು ವರ್ಷ ಅದು ಉಳಿಯಲು ಒಂದು ಕಾರಣ, ಫಾರಂನಲ್ಲಿ ಆ ಮನೆ ಇತ್ತು, ವೈದ್ಯರು ಯೋಚಿಸದೆ ತುಂಬುತ್ತಿದ್ದರು. ಹಳೆಯ ಫಾರಂ ಅನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿದರೆ ಹಳೆಯ ತಪ್ಪು ಹೊಸ ಅಂಗಿ ತೊಟ್ಟು ಕೂರುತ್ತದೆ. ಹೊಸ ವ್ಯವಸ್ಥೆಯಲ್ಲಿ ಅಂಥ ಪ್ರಶ್ನೆ ಇಲ್ಲವಾಗಬೇಕು, 'ಒಪ್ಪಿಗೆ ಪಡೆಯಲಾಗಿದೆಯೇ?' ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕು.

ಕಂಪ್ಯೂಟರ್ ಮಾಡಲಾರದ್ದು

ವೈದ್ಯನಾಗಿ ನನಗೆ ಎರಡು ಆತಂಕಗಳಿವೆ. ಒಂದು, ಆಯ್ಕೆಯ ಪಟ್ಟಿಯ ಸೋಮಾರಿತನ. ಎಲ್ಲ ಮನೆಗಳಲ್ಲೂ ಮೊದಲೇ 'ಸರಿಯಿದೆ' ಎಂದು ತುಂಬಿಟ್ಟಿದ್ದರೆ, ಬೆನ್ನು ತಿರುಗಿಸಿ ನೋಡದ ವೈದ್ಯನ ವರದಿಯೂ ಪೂರ್ಣ ವರದಿಯಂತೆಯೇ ಕಾಣುತ್ತದೆ. ಹಿಂದಿನ ರೋಗಿಯ ವಿವರವನ್ನು ನಕಲು ಮಾಡಿ ಅಂಟಿಸುವುದೂ ಸುಲಭ. ಒಬ್ಬ ವೈದ್ಯರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ಬರೆದರೆ ಬೀಗವಿದ್ದೂ ಉಪಯೋಗವಿಲ್ಲ. ಕೆಟ್ಟ ಕೈಬರಹವನ್ನು ನೋಡಿದರೆ ಅನುಮಾನವಾದರೂ ಬರುತ್ತಿತ್ತು. ಅಚ್ಚುಕಟ್ಟಾದ ಮುದ್ರಣ ಅನುಮಾನವನ್ನೂ ಮುಚ್ಚಿಬಿಡುತ್ತದೆ.

ಇನ್ನೊಂದು, ಗಾಯಾಳುವಿನ ಮಾತು. ನಮ್ಮ ಜನ ಕನ್ನಡದಲ್ಲಿ ಹೇಳುತ್ತಾರೆ, ವರದಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. "ಬಿದ್ದೆ" ಎನ್ನುವುದಕ್ಕೂ "ನೂಕಿದರು, ಬಿದ್ದೆ" ಎನ್ನುವುದಕ್ಕೂ ಎಷ್ಟೊಂದು ವ್ಯತ್ಯಾಸವಿದೆ! ಪಟ್ಟಿಯಲ್ಲಿ 'ಬಿದ್ದು ಗಾಯ' ಎಂಬ ಒಂದೇ ಆಯ್ಕೆ ಇದ್ದರೆ ಆ 'ನೂಕಿದರು' ಎಲ್ಲಿ ಹೋಯಿತು? ಆದ್ದರಿಂದ ಗಾಯಾಳು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಕನ್ನಡದಲ್ಲಿಯೇ ಟೈಪ್ ಮಾಡುವ ಜಾಗ ಇಂಥ ವ್ಯವಸ್ಥೆಯಲ್ಲಿ ಇರಲೇಬೇಕು ಎಂಬುದು ನನ್ನ ಅನುಭವದ ಮಾತು.

ಒಬ್ಬ ಗೃಹಿಣಿ ನನ್ನ ಬಳಿಗೆ ಬಂದಿದ್ದರು. ಜೊತೆಯಲ್ಲಿ ಗಂಡ ಮತ್ತು ಅತ್ತೆ. "ಬಚ್ಚಲಲ್ಲಿ ಜಾರಿ ಬಿದ್ದಳು" ಎಂದು ಅತ್ತೆಯೇ ಹೇಳಿದರು. ಆಕೆ ತಲೆ ತಗ್ಗಿಸಿ ಹೂಂ ಎಂದರು. ಆದರೆ ಎರಡೂ ತೋಳಿನ ಮೇಲ್ಭಾಗದಲ್ಲಿ ಬೆರಳು ಒತ್ತಿದಂಥ ಕಂದು ಗುರುತುಗಳಿದ್ದವು. ಕೆಲವು ನೀಲಿ, ಕೆಲವು ಆಗಲೇ ಹಳದಿ. ಬಚ್ಚಲಲ್ಲಿ ಒಮ್ಮೆ ಜಾರಿದರೆ ಎರಡು ಬೇರೆ ಬೇರೆ ವಾರದ ಗುರುತು ಬೀಳುವುದಿಲ್ಲ. ನರ್ಸ್ ಒಬ್ಬರನ್ನು ಜೊತೆಗಿರಿಸಿಕೊಂಡು ಉಳಿದವರನ್ನು ಹೊರಗೆ ಕಳಿಸಿ, "ಏನಾಯಿತಮ್ಮ?" ಎಂದು ಕೇಳಿದೆ. ಆಮೇಲೆ ಆಕೆ ಹೇಳಿದ್ದೇ ಬೇರೆ. ಆ ಪ್ರಶ್ನೆಯನ್ನು ಯಾವ ಕಂಪ್ಯೂಟರೂ ಕೇಳುವುದಿಲ್ಲ. ಕೇಳಿಸಿಕೊಂಡದ್ದನ್ನು ಅಳಿಸದಂತೆ ಕಾಪಾಡುವುದಷ್ಟೇ ಅದರ ಕೆಲಸ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. "ಸ್ವಲ್ಪ ಜಾಸ್ತಿ ಬರೀರಿ ಡಾಕ್ಟ್ರೇ, ಅವರಿಗೆ ಬುದ್ಧಿ ಬರಲಿ" ಎಂದು ಕೇಳುವವರೂ ಬರುತ್ತಾರೆ. ವರದಿ ಯಾರ ಪಕ್ಷವೂ ಅಲ್ಲ. ಇಲ್ಲದ ಗಾಯವನ್ನು ಬರೆಯುವುದು, ಇದ್ದ ಗಾಯವನ್ನು ಬಿಡುವುದು ಎರಡೂ ಅಪರಾಧವೇ.

ವಿಷ ಸೇವನೆ: ದಯವಿಟ್ಟು ಮುಚ್ಚಿಡಬೇಡಿ

ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಕುಡಿದು ಬರುವವರ ಕುಟುಂಬಗಳು ಪೊಲೀಸರಿಗೆ ಹೆದರಿ "ಊಟ ಹೆಚ್ಚುಕಡಿಮೆ ಆಗಿ ವಾಂತಿ" ಎಂದು ಹೇಳುವುದುಂಟು. ಇದು ಪ್ರಾಣಕ್ಕೇ ಸಂಚಕಾರ. ಕೀಟನಾಶಕದ ಬಗೆಗೂ ಕಳೆನಾಶಕದ ಬಗೆಗೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಕೆಲಸಕ್ಕೆ ಬಾರದು. ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೆ ತನ್ನಿ.

ಕಾನೂನಿನ ಭಯವೂ ಈಗ ಮೊದಲಿನಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. 2024ರಲ್ಲಿ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಉಳಿದಿಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲೆಂದು ಮಾಡುವ ಯತ್ನ ಮಾತ್ರ ಅಪರಾಧ. ಎಂ.ಎಲ್.ಸಿ. ಎಂದು ಬರೆಯುವುದು ಆ ನೊಂದ ಜೀವವನ್ನು ಶಿಕ್ಷಿಸಲು ಅಲ್ಲ. ಹಿಂದೆ ಯಾರಾದರೂ ಹಿಂಸೆ ಕೊಟ್ಟಿದ್ದರೆ ಅದೂ ತಿಳಿಯಬೇಕಲ್ಲವೇ? ಮನಸ್ಸು ತೀರಾ ಕುಗ್ಗಿದ್ದರೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದು ಉಚಿತ.

ಗುಟ್ಟು ಉಳಿಯುತ್ತದೆಯೇ?

"ಕಂಪ್ಯೂಟರಿಗೆ ಹಾಕಿದರೆ ಎಲ್ಲರಿಗೂ ಗೊತ್ತಾಗುವುದಿಲ್ಲವೇ?" ಎಂಬ ಪ್ರಶ್ನೆ ಸಹಜ. ಪುಸ್ತಕವಾದರೆ ಮೇಜಿನ ಮೇಲೆ ತೆರೆದು ಬಿದ್ದಿರುತ್ತಿತ್ತು, ಯಾರು ಬೇಕಾದರೂ ಓದಬಹುದಿತ್ತು. ಕಂಪ್ಯೂಟರಿನಲ್ಲಿ ಯಾರು ತೆರೆದು ನೋಡಿದರು ಎಂಬುದೂ ದಾಖಲಾಗುವಂತೆ ಮಾಡಬಹುದು. ಆದರೆ ಸೋರಿದರೆ ಒಂದು ಪುಟವಲ್ಲ, ಒಂದು ಜಿಲ್ಲೆಯ ದಾಖಲೆಯೇ ಸೋರೀತು. ಆದ್ದರಿಂದ ಚಿಕಿತ್ಸೆಗೂ ತನಿಖೆಗೂ ಸಂಬಂಧಪಟ್ಟವರ ಹೊರತು ಬೇರೆಯವರಿಗೆ ಬಾಗಿಲು ತೆರೆಯಬಾರದು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ. ವರದಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವ ಚಟಕ್ಕೆ ಸಿಬ್ಬಂದಿಯೂ ಬೀಳಬಾರದು, ಬಂಧುಗಳೂ ಬೀಳಬಾರದು.

ಅಂಥ ಹೊತ್ತಿನಲ್ಲಿ ನೀವು ಏನು ಮಾಡಬೇಕು?

1. ತಡಮಾಡದೆ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಇತರ ತುರ್ತು ನೆರವಿಗೆ 112. ಮೊದಲು ಠಾಣೆಗೆ ಹೋಗಿ ಬರಬೇಕೆಂಬ ನಿಯಮವಿಲ್ಲ.

2. ನಡೆದದ್ದನ್ನು ನಡೆದಂತೆ ಹೇಳಿ. ಸಾಧ್ಯವಾದರೆ ಗಾಯಾಳುವೇ ಹೇಳಲಿ. ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಹೇಳಿದರೆ ಮುಂದೆ ಅದೇ ತೊಡಕಾಗುತ್ತದೆ.

3. ಸಣ್ಣ ನೋವನ್ನೂ ತೋರಿಸಿ. ತಲೆಯ ಗಾಯದ ಗಾಬರಿಯಲ್ಲಿ ಅಲುಗಾಡುವ ಹಲ್ಲು, ಕಿವಿಯ ಮಂದ, ಬೆನ್ನಿನ ಪೆಟ್ಟು ಮರೆತುಹೋಗುತ್ತವೆ.

4. ರಕ್ತದ ಬಟ್ಟೆಯನ್ನು ಒಗೆಯಬೇಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ ಪರೀಕ್ಷೆಗೆ ಮುಂಚೆ ಸ್ನಾನ ಮಾಡದಿರುವುದು ಒಳ್ಳೆಯದು. ಮಾಡಿದ್ದರೂ ಚಿಂತೆ ಬೇಡ, ಬನ್ನಿ. ಇಂಥ ಪ್ರಕರಣದಲ್ಲೂ ಆಸಿಡ್ ದಾಳಿಯಲ್ಲೂ ಎಲ್ಲ ಆಸ್ಪತ್ರೆಗಳು ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ನಿರಾಕರಿಸಿದರೆ ಒಂದು ವರ್ಷದವರೆಗೆ ಸಜೆ ಇದೆ.

5. ಎಂ.ಎಲ್.ಸಿ. ಸಂಖ್ಯೆ, ದಿನಾಂಕ, ವೈದ್ಯರ ಹೆಸರನ್ನು ಬರೆದಿಟ್ಟುಕೊಳ್ಳಿ. ಡಿಸ್ಚಾರ್ಜ್ ಚೀಟಿ, ಎಕ್ಸ್-ರೇ ಜೋಪಾನವಾಗಿಡಿ. ಅದರಲ್ಲಿ ನಿಮ್ಮ ಹೆಸರು, ವಯಸ್ಸು, ಎಡ-ಬಲ ಸರಿಯಾಗಿದೆಯೇ ಎಂದು ಅಲ್ಲಿಯೇ ನೋಡಿ. ತಪ್ಪಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ.

6. ರಸ್ತೆ ಅಪಘಾತವಾಗಿದ್ದರೆ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸೆಯ ಯೋಜನೆಯ ಬಗ್ಗೆ ವಿಚಾರಿಸಿ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅದರಲ್ಲಿ ಅವಕಾಶವಿದೆ.

7. ಮನೆಯೊಳಗಿನ ಹಿಂಸೆಯಾಗಿದ್ದರೆ ವೈದ್ಯರೊಂದಿಗೆ ಒಬ್ಬರೇ ಮಾತಾಡಬೇಕೆಂದು ಕೇಳಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಆ ಕೂಲಿಯವನಿಗೆ ಕೊನೆಗೂ ಪರಿಹಾರ ಸಿಕ್ಕಿತು. ಆದರೆ ಕೈ ಸರಿಯಿಲ್ಲದೆ, ದುಡಿಮೆಯಿಲ್ಲದೆ ಅವನ ಮನೆಯವರು ಕಾದ ಆ ಹೆಚ್ಚಿನ ತಿಂಗಳುಗಳನ್ನು ನನ್ನಿಂದ ಹಿಂದಿರುಗಿಸಲು ಆಗಲಿಲ್ಲ. ಅಂದಿನಿಂದ ಎಷ್ಟೇ ಜನಸಂದಣಿ ಇರಲಿ, ಎಂ.ಎಲ್.ಸಿ. ಬರೆಯುವಾಗ 'ಬಲ', 'ಎಡ' ಎಂಬುದನ್ನು ಪೂರ್ತಿ ಪದವಾಗಿ ಬರೆದು, ಗಾಯಾಳುವಿನ ಮುಂದೆ ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಕಂಪ್ಯೂಟರ್ ಬಂದ ಮೇಲೂ ಈ ಅಭ್ಯಾಸ ಬಿಟ್ಟಿಲ್ಲ. ನಿಮ್ಮ ವೈದ್ಯರು ಓದಿ ಹೇಳದಿದ್ದರೆ, "ಒಂದ್ಸಲ ಓದಿ ಹೇಳ್ತೀರಾ ಡಾಕ್ಟ್ರೇ?" ಎಂದು ನೀವೇ ಕೇಳಿ. ಅದರಲ್ಲಿ ತಪ್ಪೇನೂ ಇಲ್ಲ.